ಮಕ್ಕಳ ಆತಂಕ, ಖಿನ್ನತೆ: ಯಾವ ಚಿಕಿತ್ಸೆಗೆ ಪುರಾವೆ ಇದೆ?

ಮಕ್ಕಳ ಆತಂಕ ಬಹಳ ಸಲ ಹೊಟ್ಟೆನೋವಾಗಿ ಕಾಣಿಸಿಕೊಳ್ಳುತ್ತದೆ. ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಏಳುವ ನೋವು ರವಿವಾರ ಇರುವುದಿಲ್ಲ. ಉಗಾರ ಬುದ್ರುಕ, ಕಾಗವಾಡ, ಅಥಣಿ ಸುತ್ತಿನ ಮನೆಗಳಲ್ಲಿ ಇಂಥ ಮಗುವನ್ನು ಮೊದಲು ಊರ ಡಾಕ್ಟರರಿಗೆ ತೋರಿಸುತ್ತಾರೆ. ನೋವು ನಿಲ್ಲದಿದ್ದರೆ ಮಿರಜಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸುತ್ತಾರೆ. ರಿಪೋರ್ಟು ನಾರ್ಮಲ್ ಬಂದರೆ ‘ಸಾಲಿ ತಪ್ಪಸಾಕ ನೆವಾ ಮಾಡ್ತಾನ’ ಎಂಬ ತೀರ್ಮಾನ ಆಗಿಬಿಡುತ್ತದೆ. ನೋವು ಮಾತ್ರ ಸುಳ್ಳಲ್ಲ. ಅಂಜಿದಾಗ ಕರುಳಿನ ಚಲನೆ ಬದಲಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಎದೆಬಡಿತ ಏರುತ್ತದೆ. ಖಿನ್ನತೆಗೂ ಇಂಥದೇ ಮರೆವೇಷವಿದೆ. ಹದಿಹರೆಯದಲ್ಲಿ ಅದು ಅಳುವಿಗಿಂತ ಹೆಚ್ಚಾಗಿ ಸಿಡುಕಾಗಿ, ನಿದ್ದೆಗೆಟ್ಟ ರಾತ್ರಿಗಳಾಗಿ, ಇಳಿಯುವ ಅಂಕಗಳಾಗಿ ಹೊರಬೀಳುತ್ತದೆ. ಮನೆಯವರು ಅದನ್ನು ಸೊಕ್ಕು ಎಂದುಕೊಳ್ಳುತ್ತಾರೆ.

ಇದು ಪಟ್ಟಣದ ಮಕ್ಕಳ ಕಾಯಿಲೆ ಎಂಬ ನಂಬಿಕೆಗೆ ಆಧಾರವಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್, ಸತೀಶ ಗಿರಿಮಾಜಿ ಮತ್ತು ಸಂಗಡಿಗರು ಬೆಂಗಳೂರು ನಗರದ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ ಮತ್ತು ಸುತ್ತಲಿನ ಹಳ್ಳಿಗಳ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 12.5ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಮೂರೂ ಕಡೆಯ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ 7.3ರಷ್ಟು ಮಂದಿಗೆ ಮಾನಸಿಕ ಕಾಯಿಲೆಯಿತ್ತು. ಆತಂಕ ಮತ್ತು ಖಿನ್ನತೆ ಅದರಲ್ಲಿ ದೊಡ್ಡ ಪಾಲು.

ಮಕ್ಕಳ ಅಂಜಿಕೆಗೆ ಚಿಕಿತ್ಸೆಯಿದೆ ಎಂದು ಪ್ರಯೋಗದಿಂದ ತೋರಿಸಿದವರು ಮೇರಿ ಕವರ್ ಜೋನ್ಸ್. 1924ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಬಳಿಯಿದ್ದ ಪೀಟರ್ ಎಂಬ ಹುಡುಗನಿಗೆ ಮೂರು ವರ್ಷವೂ ತುಂಬಿರಲಿಲ್ಲ. ಅವನಿಗೆ ಬಿಳಿ ಮೊಲವೆಂದರೆ ಜೀವ ಹೋಗುವಷ್ಟು ಭಯ. ಇಲಿ, ತುಪ್ಪಳದ ಕೋಟು, ಗರಿ, ಹತ್ತಿ ಕಂಡರೂ ಅಷ್ಟೇ. ಜೋನ್ಸ್ ಅವನಿಗೆ ಬುದ್ಧಿ ಹೇಳಲಿಲ್ಲ, ಗದರಿಸಲೂ ಇಲ್ಲ. ಮೊಲಕ್ಕೆ ಅಂಜದ ಮಕ್ಕಳ ಜೊತೆ ಆಡಲು ಬಿಟ್ಟರು. ಅವನು ಇಷ್ಟದ ತಿಂಡಿ ತಿನ್ನುತ್ತಿದ್ದಾಗ ಪಂಜರದ ಮೊಲವನ್ನು ದೂರದಲ್ಲಿ ತಂದಿಟ್ಟರು. ಅವನು ತಡೆದುಕೊಂಡಷ್ಟು ಮಾತ್ರ ಮುಂದಿನ ಸಲ ಹತ್ತಿರ ತಂದರು. ನಡುವೆ ಜ್ವರ ಬಿದ್ದು ಅವನು ಆಸ್ಪತ್ರೆ ಸೇರಿದ. ಮರಳುವ ದಿನ ದೊಡ್ಡ ನಾಯಿಯೊಂದು ಮೈಮೇಲೆ ಹಾರಿ ಗಳಿಸಿದ್ದೆಲ್ಲ ಹೋಯಿತು. ಜೋನ್ಸ್ ಮತ್ತೆ ಮೊದಲಿನಿಂದ ಶುರುಮಾಡಿದರು. ಕೊನೆಗೆ ಮೊಲ ಬೆರಳು ಮೆಲ್ಲುತ್ತಿದ್ದರೂ ಪೀಟರ್ ಕೈ ಎಳೆದುಕೊಳ್ಳಲಿಲ್ಲ. ಹತ್ತಿ, ಗರಿಗಳ ಭಯವೂ ಜೊತೆಗೇ ಇಳಿದಿತ್ತು. ಈ ಕೆಲಸವನ್ನು ಲೋಕ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮರೆತಿತ್ತು. 1958ರಲ್ಲಿ ಜೋಸೆಫ್ ವೋಲ್ಪೆ ಇದೇ ಹಾದಿಯ ಚಿಕಿತ್ಸೆಯನ್ನು ದೊಡ್ಡವರಿಗಾಗಿ ರೂಪಿಸಿದ ಮೇಲೆಯೇ ಜೋನ್ಸ್ ಅವರಿಗೆ ಸಲ್ಲಬೇಕಾದ ಮನ್ನಣೆ ಸಂದಿತು.

ಖಿನ್ನತೆಯ ಕತೆ ಇದಕ್ಕಿಂತ ತಡವಾಗಿ ಶುರುವಾಯಿತು. ಮಕ್ಕಳ ಮನಸ್ಸು ಇನ್ನೂ ಬಲಿಯದ ಕಾರಣ ಅವರಿಗೆ ಖಿನ್ನತೆ ಬರಲಾರದು ಎಂದು ಮನೋವಿಶ್ಲೇಷಣೆಯ ಪಂಡಿತರು ದಶಕಗಳ ಕಾಲ ವಾದಿಸಿದರು. ಆ ವಾದ ಬಿದ್ದದ್ದು 1970ರ ದಶಕದಲ್ಲಿ. ಅಷ್ಟು ವರ್ಷ ನರಳಿದ ಮಕ್ಕಳ ಲೆಕ್ಕ ಯಾರೂ ಇಟ್ಟಿಲ್ಲ.

ಇಂದು ಆತಂಕಕ್ಕೆ ಅತಿ ಹೆಚ್ಚು ಪುರಾವೆಯಿರುವ ಚಿಕಿತ್ಸೆ ಸಿಬಿಟಿ, ಅಂದರೆ ಅರಿವು–ವರ್ತನೆ ಚಿಕಿತ್ಸೆ. ಅದರ ತಿರುಳು ಪೀಟರನ ಮೊಲವೇ. ಕೃಷ್ಣಾ ತೀರದ ಊರುಗಳಲ್ಲಿ ಮಕ್ಕಳಿಗೆ ಈಸು ಕಲಿಸುವ ಕ್ರಮ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ದಂಡೆಯ ಮೇಲೆ ಕೂರಿಸಿ ಎಷ್ಟು ಪಾಠ ಹೇಳಿದರೂ ಈಸು ಬರುವುದಿಲ್ಲ. ಮಡುವಿಗೆ ಒಮ್ಮೆಲೇ ನೂಕಿದರೆ ಮಗು ಜೀವಮಾನವಿಡೀ ನೀರಿಗೆ ಅಂಜುತ್ತದೆ. ಬಲ್ಲವರು ಬೆನ್ನಿಗೆ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮೊದಲು ಮೊಣಕಾಲುದ್ದದ ನೀರಿಗೆ ಇಳಿಸುತ್ತಾರೆ. ದಿನ ಕಳೆದಂತೆ ಹಗ್ಗ ಸಡಿಲವಾಗುತ್ತದೆ, ಬುರುಡೆ ಕಳಚುತ್ತದೆ. ಬುರುಡೆ ಕಳಚದಿದ್ದರೆ ತೇಲುತ್ತಿರುವುದು ತಾನು ಎಂಬುದು ಮಗುವಿಗೆ ತಿಳಿಯುವುದೇ ಇಲ್ಲ. ಚಿಕಿತ್ಸಕರೂ ಮಗುವನ್ನು ಕೂರಿಸಿಕೊಂಡು ಭಯಗಳ ಮೆಟ್ಟಿಲು ಬರೆಸುತ್ತಾರೆ: ಶಾಲೆಯ ಗೇಟಿನವರೆಗೆ ಅಪ್ಪನ ಜೊತೆ ಹೋಗುವುದು, ವರ್ಗದಲ್ಲಿ ಒಂದು ಪೀರಿಯಡ್ ಕೂರುವುದು, ಒಂದು ಪ್ರಶ್ನೆಗೆ ಎದ್ದು ನಿಂತು ಉತ್ತರಿಸುವುದು. ಪ್ರತಿ ಮೆಟ್ಟಿಲಲ್ಲೂ ‘ಏನಾದೀತು’ ಎಂದು ಮನಸ್ಸು ಹೆದರಿಸಿದ್ದನ್ನೂ ನಿಜವಾಗಿ ಆದದ್ದನ್ನೂ ಮಗು ತಾನೇ ಹೋಲಿಸಿ ನೋಡುತ್ತದೆ.

ಚೀಟಿ ಎತ್ತಿ ಗುಂಪು ಹಂಚುವ ಕಟ್ಟುನಿಟ್ಟಿನ ಪರೀಕ್ಷೆಗೆ ಇದನ್ನು ಮೊದಲು ಒಡ್ಡಿದವರು ಅಮೆರಿಕದ ಫಿಲಿಪ್ ಕೆಂಡಾಲ್. 1994ರ ಅವರ ಅಧ್ಯಯನದಲ್ಲಿದ್ದವರು 47 ಮಕ್ಕಳು ಮಾತ್ರ. ಚಿಕಿತ್ಸೆ ಪಡೆದವರ ಪೈಕಿ ಶೇ 64ರಷ್ಟು ಮಕ್ಕಳ ಆತಂಕ ಕಾಯಿಲೆಯ ಮಟ್ಟದಿಂದ ಕೆಳಗಿಳಿಯಿತು. 2008ರಲ್ಲಿ 488 ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಹನ್ನೆರಡು ವಾರಗಳ ಬಳಿಕ ಸುಧಾರಿಸಿದವರು: ಸಿಬಿಟಿ ಮಾತ್ರ ಪಡೆದವರಲ್ಲಿ ಶೇ 59.7, ಸರ್ಟ್ರಲಿನ್ ಮಾತ್ರೆ ಮಾತ್ರ ಪಡೆದವರಲ್ಲಿ ಶೇ 54.9, ಎರಡನ್ನೂ ಪಡೆದವರಲ್ಲಿ ಶೇ 80.7, ಹುಸಿ ಮಾತ್ರೆ ಪಡೆದವರಲ್ಲಿ ಶೇ 23.7. ವೈದ್ಯಕೀಯದಲ್ಲಿ ಇಷ್ಟು ಸ್ಪಷ್ಟ ಅಂತರ ಅಪರೂಪ. ಆದರೆ ಅದೇ ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿದಾಗ ಸತತವಾಗಿ ಗುಣವಾಗಿಯೇ ಉಳಿದವರು ಸುಮಾರು ಐದನೇ ಒಂದು ಭಾಗ. ಅರ್ಧದಷ್ಟು ಮಂದಿಗೆ ಆತಂಕ ಬಂದುಹೋಗುತ್ತ ಇತ್ತು. ಒಂದು ಸುತ್ತಿನ ಚಿಕಿತ್ಸೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಖಿನ್ನತೆಯಲ್ಲಿ ಮಾತಿನ ಚಿಕಿತ್ಸೆಯ ಬಲ ಕಡಿಮೆ. ಐದು ದಶಕಗಳ 447 ಅಧ್ಯಯನಗಳನ್ನು ಜಾನ್ ವೈಸ್ ತಂಡ 2017ರಲ್ಲಿ ಒಟ್ಟುಗೂಡಿಸಿದಾಗ, ಆತಂಕದಲ್ಲಿ ಕಂಡ ಪರಿಣಾಮದ ಅರ್ಧದಷ್ಟೂ ಖಿನ್ನತೆಯಲ್ಲಿ ಕಾಣಲಿಲ್ಲ. 2004ರಲ್ಲಿ 439 ಹದಿಹರೆಯದವರ ಮೇಲೆ ನಡೆದ ಪರೀಕ್ಷೆಯಲ್ಲಿ ಫ್ಲುಯೊಕ್ಸೆಟಿನ್ ಮಾತ್ರೆ ಮತ್ತು ಸಿಬಿಟಿ ಎರಡೂ ಸೇರಿದಾಗ ಶೇ 71ರಷ್ಟು, ಮಾತ್ರೆಯೊಂದರಿಂದ ಶೇ 60.6ರಷ್ಟು, ಸಿಬಿಟಿಯೊಂದರಿಂದ ಶೇ 43.2ರಷ್ಟು, ಹುಸಿ ಮಾತ್ರೆಯಿಂದ ಶೇ 34.8ರಷ್ಟು ಮಂದಿ ಸುಧಾರಿಸಿದರು.

ಮಾತ್ರೆಗಳ ವಿಷಯದಲ್ಲಿ ಎಚ್ಚರ ಬೇಕು, ಗಾಬರಿ ಬೇಡ. ಈ ಬಗೆಯ ಖಿನ್ನತೆ ನಿವಾರಕ ಔಷಧಗಳನ್ನು ತೆಗೆದುಕೊಂಡ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಶೇ 4ರಷ್ಟು, ಹುಸಿ ಮಾತ್ರೆಯವರಲ್ಲಿ ಶೇ 2ರಷ್ಟು ಕಂಡದ್ದರಿಂದ ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ಆ ಪರೀಕ್ಷೆಗಳಲ್ಲಿ ಒಂದೂ ಸಾವು ಸಂಭವಿಸಿರಲಿಲ್ಲ. ಹೆಚ್ಚು ಕಳವಳದ ಸಂಗತಿ ಬೇರೆ ಇದೆ. ಇದೇ ಬಗೆಯ ಪ್ಯಾರಾಕ್ಸೆಟಿನ್ ಮಾತ್ರೆ ಹದಿಹರೆಯದವರಿಗೆ ಸುರಕ್ಷಿತ, ಪರಿಣಾಮಕಾರಿ ಎಂದು 2001ರಲ್ಲಿ ಪ್ರಕಟವಾದ ಅಧ್ಯಯನದ ಮೂಲ ಅಂಕಿಅಂಶಗಳನ್ನು 2015ರಲ್ಲಿ ಬೇರೆ ತಂಡ ಮರಳಿ ಲೆಕ್ಕ ಹಾಕಿದಾಗ ಎರಡೂ ಮಾತು ನಿಲ್ಲಲಿಲ್ಲ. 2016ರಲ್ಲಿ ಆಂಡ್ರಿಯಾ ಚಿಪ್ರಿಯಾನಿ ತಂಡ 14 ಔಷಧಗಳನ್ನು ಹೋಲಿಸಿದಾಗ, ಮಕ್ಕಳ ಖಿನ್ನತೆಯಲ್ಲಿ ಹುಸಿ ಮಾತ್ರೆಗಿಂತ ಮೇಲೆಂದು ಉಳಿದದ್ದು ಫ್ಲುಯೊಕ್ಸೆಟಿನ್ ಒಂದೇ. ವೈದ್ಯರ ಕಣ್ಗಾವಲಿನಲ್ಲಿ, ಮೊದಲ ವಾರಗಳಲ್ಲಿ ಮನೆಯವರ ನಿಗಾದಲ್ಲಿ ಕೊಟ್ಟರೆ ಅದು ಉಪಯುಕ್ತ ಔಷಧ. ತಂದೆತಾಯಿ ತಾವಾಗಿಯೇ ಅದನ್ನು ನಡುವೆ ನಿಲ್ಲಿಸುವುದು ಅಪಾಯ.

ತಂದೆತಾಯಿಯರ ಪಾತ್ರದ ಬಗ್ಗೆ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಮಾಡಿದ ಕೆಲಸ ಹಳ್ಳಿಗಳಿಗೆ ಬಹಳ ಉಪಯೋಗದ್ದು. 124 ಮಕ್ಕಳ ಪರೀಕ್ಷೆಯಲ್ಲಿ ಒಂದು ಗುಂಪಿನ ಮಕ್ಕಳನ್ನು ಚಿಕಿತ್ಸಕರು ಕಾಣಲೇ ಇಲ್ಲ. ಅವರ ತಂದೆತಾಯಿಗೆ ಮಾತ್ರ ತರಬೇತಿ ಕೊಟ್ಟರು. ಮಗುವಿನ ಭಯವನ್ನು ಅಲ್ಲಗಳೆಯದೆ, ಆದರೆ ಭಯಕ್ಕೆ ಶರಣಾಗಿ ಶಾಲೆ ಬಿಡಿಸುವುದು, ಮಗುವಿನ ಪರವಾಗಿ ತಾವೇ ಮಾತಾಡುವುದು ಇವನ್ನು ಕ್ರಮವಾಗಿ ಕಡಿಮೆ ಮಾಡಲು ಕಲಿಸಿದರು. ಫಲಿತಾಂಶ ಮಕ್ಕಳಿಗೇ ಸಿಬಿಟಿ ಕೊಟ್ಟಷ್ಟೇ ಚೆನ್ನಾಗಿತ್ತು.

ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಧ್ಯಾನ ಕಲಿಸಿದರೆ ಖಿನ್ನತೆ ತಡೆಯಬಹುದು ಎಂಬ ಮಾತು ಈಗ ಜೋರಾಗಿದೆ. ಬ್ರಿಟನ್ನಿನ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆ ಈ ಭರವಸೆಯನ್ನು ಎತ್ತಿಹಿಡಿಯಲಿಲ್ಲ. ಕರ್ನಾಟಕದ ಅನುಭವವೂ ಇದಕ್ಕೆ ಹತ್ತಿರ. ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ರೂಪಿಸಿದ ಜೀವನ ಕೌಶಲ ಶಿಕ್ಷಣವನ್ನು ಶಿಕ್ಷಕರೇ ಕಲಿಸುತ್ತಾರೆ. 2010ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನದಲ್ಲಿ ಕಲಿತ 605 ಮಕ್ಕಳನ್ನು ಕಲಿಯದ 423 ಮಕ್ಕಳೊಡನೆ ಹೋಲಿಸಲಾಯಿತು. ಆತ್ಮಗೌರವ, ಶಿಕ್ಷಕರೊಡನೆ ಹೊಂದಿಕೆ, ಕಷ್ಟ ನಿಭಾಯಿಸುವ ಶಕ್ತಿ ಕಲಿತವರಲ್ಲಿ ಹೆಚ್ಚಿತ್ತು. ಮಾನಸಿಕ ಕಾಯಿಲೆಯ ಲಕ್ಷಣಗಳಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಇಂಥ ಪಾಠ ಒಳ್ಳೆಯದು, ನಡೆಯಬೇಕು, ಆದರೆ ಅದು ಚಿಕಿತ್ಸೆಯಲ್ಲ.

ಹಾಗಾದರೆ ಮನೋವೈದ್ಯರಿಲ್ಲದ ತಾಲ್ಲೂಕಿನಲ್ಲಿ ಚಿಕಿತ್ಸೆ ಯಾರು ಕೊಡಬೇಕು? ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಆರೈಕೆಯನ್ನು ಹಳ್ಳಿಗೆ ಒಯ್ಯಬಹುದು ಎಂಬುದನ್ನು ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತ್ತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದರಿಂದಲೇ. ಹದಿಹರೆಯದವರ ವಿಷಯದಲ್ಲಿ ಉತ್ತರ ಬಂದದ್ದು ಗೋವಾದ ಸಂಗಾತ್ ಸಂಸ್ಥೆಯಿಂದ. ಅದರ ಅಧ್ಯಯನದಲ್ಲಿ ಬಿಹಾರದ ನಳಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಒಂದೇ ಆರೋಗ್ಯ ಕಾರ್ಯಕ್ರಮವನ್ನು ಕೆಲವೆಡೆ ಶಿಕ್ಷಕರು, ಕೆಲವೆಡೆ ಇದೇ ಕೆಲಸಕ್ಕೆ ನೇಮಿಸಿ ತರಬೇತಿ ಕೊಟ್ಟ ಸ್ಥಳೀಯ ಆಪ್ತಸಮಾಲೋಚಕರು ನಡೆಸಿದರು. 2018ರಲ್ಲಿ ಬಂದ ಫಲಿತಾಂಶದಂತೆ ಆಪ್ತಸಮಾಲೋಚಕರಿದ್ದ ಶಾಲೆಗಳಲ್ಲಿ ಖಿನ್ನತೆ ಇಳಿಯಿತು; ಶಿಕ್ಷಕರು ನಡೆಸಿದಲ್ಲಿ ಪರಿಣಾಮ ಕಾಣಲಿಲ್ಲ. ಸಿಲಬಸ್, ಗಣತಿ, ಬಿಸಿಯೂಟ ಎಲ್ಲವನ್ನೂ ಹೊತ್ತ ಶಿಕ್ಷಕರ ಮೇಲೆ ಇದನ್ನೂ ಹೇರುವ ಬದಲು ಪ್ರತಿ ಪ್ರೌಢಶಾಲೆಗೆ ಒಬ್ಬ ಆಪ್ತಸಮಾಲೋಚಕರನ್ನು ಕೊಡಬೇಕು ಎಂಬುದೇ ಆ ಅಧ್ಯಯನದಿಂದ ಹೊರಡುವ ನೇರ ಬೇಡಿಕೆ.

ಅಲ್ಲಿಯವರೆಗೆ ಇರುವ ದಾರಿಗಳನ್ನು ಬಳಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್‌ಗಳಿವೆ, ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಮಗು ಸಾಯುವ ಮಾತಾಡಿದರೆ ಮಾತ್ರ ಕಾಯಬಾರದು, ಒಂಟಿಯಾಗಿ ಬಿಡಬಾರದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.