ಗುಡ್ಡ ಕಡಿಯುವ ಮುನ್ನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಬಲ್ಲದವರಿಲ್ಲ. ಮಲೆನಾಡಿನಲ್ಲಿ ಮನೆ ಕಟ್ಟುವವನಿಗೆ ಹಣದ ಚಿಂತೆಯ ಜೊತೆಗೆ ಮಣ್ಣಿನ ಚಿಂತೆಯೂ ಉಂಟು. ಸಮತಟ್ಟಾದ ಜಾಗ ದೊರೆಯದ ಕಡೆ ಗುಡ್ಡವನ್ನೇ ಕಡಿದು ನಿವೇಶನ ಮಾಡಬೇಕಾಗುತ್ತದೆ. ಹೀಗೆ ನೆಲವನ್ನು ಅಗೆಯುವ ಮುನ್ನ ಯಾರ ಅಪ್ಪಣೆ ಬೇಕು, ಆ ಅಪ್ಪಣೆಯಲ್ಲಿ ಮಣ್ಣಿನ ರಕ್ಷಣೆಗೆ ಸ್ಥಾನವೆಷ್ಟು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಗಿಡಮರಗಳಿರುವಲ್ಲಿ ಮಳೆಹನಿಯು ಎಲೆಯ ಮೇಲೆ, ತರಗಿನ ಮೇಲೆ ಬಿದ್ದು ತನ್ನ ವೇಗವನ್ನು ಕಳೆದುಕೊಳ್ಳುತ್ತದೆ. ಬೋಳು ನೆಲಕ್ಕಾದರೋ ಅದೇ ಹನಿ ಸುತ್ತಿಗೆಯ ಪೆಟ್ಟಾಗುತ್ತದೆ. ಅಮೆರಿಕದ ವಿಶ್‌ಮೈಯರ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಸೂತ್ರವು ಮಣ್ಣಿನ ಸವಕಳಿಗೆ ಮಳೆಯ ಬಲ, ಮಣ್ಣಿನ ಗುಣ, ಇಳಿಜಾರಿನ ಉದ್ದ, ಅದರ ಕಡಿದು, ನೆಲದ ಹೊದಿಕೆ, ರಕ್ಷಣೆಯ ಕ್ರಮ ಎಂಬ ಆರು ಅಂಶಗಳನ್ನು ಎಣಿಸುತ್ತದೆ. ಮಳೆಯನ್ನು ನಾವು ತಡೆಯಲಾರೆವು. ಇಳಿಜಾರು, ಹೊದಿಕೆ, ರಕ್ಷಣೆಗಳು ನಮ್ಮ ಕೈಯಲ್ಲಿವೆ. ಇದಲ್ಲದೆ ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪಿ, ನೀರು ಕುಡಿದು ಭಾರವಾದಾಗ ಅದು ಒಮ್ಮೆಲೇ ಜಾರುತ್ತದೆ.

2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲಗಳಲ್ಲಿ ಗುಡ್ಡಗಳು ಕುಸಿದುವು. ವಿಪರೀತ ಮಳೆಯೊಡನೆ, ಮನೆಗಳಿಗೂ ರಸ್ತೆಗಳಿಗೂ ಇಳಿಜಾರನ್ನು ಕಡಿದುದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಜನರು ಮಡಿದರು.

ಹಾಗಾದರೆ ಕಾನೂನು ಏನೆನ್ನುತ್ತದೆ? ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಯವರ ಅಪ್ಪಣೆ ಬೇಕು. ಜನರು ಇದನ್ನೇ 'ಕನ್ವರ್ಷನ್' ಎನ್ನುವುದು. ಅನಂತರ ಕಟ್ಟಡಕ್ಕೆ ಗ್ರಾಮಪಂಚಾಯಿತಿಯ ಅಥವಾ ಪುರಸಭೆಯ ಪರವಾನಗಿ ಪಡೆಯಬೇಕು. ಆರೋಗ್ಯ, ಸುರಕ್ಷತೆ, ಅನುಕೂಲಗಳಿಗಾಗಿ ಷರತ್ತುಗಳನ್ನು ವಿಧಿಸಬಹುದೆಂದು ಅದೇ 95ನೆಯ ಪ್ರಕರಣವು ಹೇಳುತ್ತದೆ. ಆದುದರಿಂದ ಮಣ್ಣಿನ ರಕ್ಷಣೆಯನ್ನು ಷರತ್ತಾಗಿ ಬರೆಯಲು ಹೊಸ ಕಾಯಿದೆಗೆ ಕಾಯಬೇಕಾಗಿಲ್ಲ. ಬಾಗಿಲು ಈಗಾಗಲೇ ತೆರೆದಿದೆ.

ಬೇರೆಡೆ ಇದು ನಡೆದುಬಂದಿದೆ. ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನವು 1970ರಲ್ಲಿಯೇ ಹೂಳು ತಡೆಯುವ ಕಾನೂನು ಮಾಡಿತು. ಕಟ್ಟಡದ ಕೆಲಸಕ್ಕಾಗಿ ಒಂದು ಎಕರೆ ಅಥವಾ ಅದಕ್ಕಿಂತ ಹೆಚ್ಚು ನೆಲವನ್ನು ಅಗೆಯುವವರು ಪರವಾನಗಿ ಪಡೆಯಬೇಕೆಂಬ ನಿಯಮವು 1999ರಲ್ಲಿ ಆ ದೇಶಕ್ಕೆಲ್ಲ ಬಂದಿತು. ಮಳೆನೀರು ಎಲ್ಲಿ ಹರಿಯುವುದು, ಹೂಳು ಎಲ್ಲಿ ನಿಲ್ಲುವುದು ಎಂಬ ಯೋಜನೆಯನ್ನು ಕೆಲಸಕ್ಕೆ ಮೊದಲೇ ಸಿದ್ಧಪಡಿಸಬೇಕು.

ನಮ್ಮಲ್ಲಿ ಯಾವ ಷರತ್ತುಗಳು ಬೇಕು? ಮಣ್ಣಿನ ಕೆಲಸವನ್ನು ಮುಂಗಾರಿಗೆ ಮೊದಲೇ ಮುಗಿಸಬೇಕು. ಕಡಿದ ಭಾಗದ ಮೇಲ್ಗಡೆ ನೀರನ್ನು ಬಳಸಿ ಸಾಗಿಸುವ ಕಾಲುವೆ ಬೇಕು. ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ತಡೆಗೋಡೆಯಲ್ಲಿ ನೀರು ಹೊರಬರಲು ಕಂಡಿಗಳಿರಬೇಕು. ತೆಗೆದ ಮಣ್ಣನ್ನು ತೋಡಿಗೆ ತಳ್ಳಕೂಡದು. ಬೋಳಾದ ಇಳಿಜಾರಿನಲ್ಲಿ ಲಾವಂಚ ನೆಡಬೇಕು. ಅದರ ಬೇರು ಎರಡು ಮೂರು ಮೀಟರಿನಷ್ಟು ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ.

ನನ್ನ ತಂದೆಯವರು ಮಣ್ಣು ಕೆಲಸದ ಕೂಲಿಗಾರರು, ಅಕ್ಷರ ಬಾರದವರು. "ಮೊದಲು ನೀರಿಗೆ ದಾರಿ ಬಿಡು, ಆಮೇಲೆ ಗುದ್ದಲಿ ಹಾಕು" ಎಂದು ಅವರು ಜೊತೆಯವರಿಗೆ ಹೇಳುವುದುಂಟು. ನಾನು ಪುಸ್ತಕದಲ್ಲಿ ಓದಿದುದೂ ಅದನ್ನೇ. ಆದರೆ ಕೂಲಿಯವನ ಮಾತನ್ನು ಮೇಸ್ತ್ರಿ ಕೇಳುವುದಿಲ್ಲ. ಷರತ್ತು ಕಾಗದದ ಮೇಲಿದ್ದರೆ ಕೇಳಲೇಬೇಕಾಗುತ್ತದೆ.

ಸಹಪಾಠಿಗಳೇ, ನಮ್ಮಲ್ಲಿ ಕೆಲವರಾದರೂ ನಾಳೆ ಕಂದಾಯ ಇಲಾಖೆಯಲ್ಲಿಯೋ ಪಂಚಾಯಿತಿಯಲ್ಲಿಯೋ ಕುಳಿತು ಇಂತಹ ಅರ್ಜಿಗಳನ್ನು ನೋಡುವವರಾಗುತ್ತೇವೆ. ಆಗ ರುಜು ಹಾಕುವ ಮುನ್ನ ನಕ್ಷೆಯಲ್ಲಿ ಮನೆಯನ್ನು ಮಾತ್ರವಲ್ಲದೆ ನೀರಿನ ದಾರಿಯನ್ನೂ ಹುಡುಕೋಣ. ಕಡಿದ ಗುಡ್ಡದ ಬುಡದಲ್ಲಿ ಮೊದಲು ನಿಲ್ಲುವವನು ಮನೆಯ ಯಜಮಾನನಲ್ಲ, ಗುದ್ದಲಿ ಹಿಡಿದ ಕೂಲಿಗಾರ.