ಶಾಸನ ನಕ್ಷೆಗಳಿಗೆ ಉಚಿತ ತಂತ್ರಾಂಶ: ಆಯ್ಕೆಯ ಮಾನದಂಡ

ಕನ್ನಡ ಶಾಸನಗಳ ಹರವು ಇಂದಿನ ರಾಜ್ಯದ ಎಲ್ಲೆಗೆ ಸೀಮಿತವಾದುದಲ್ಲ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕನ್ನಡ ಪ್ರಶಸ್ತಿಯು ಮಧ್ಯಪ್ರದೇಶದ ಜೂರಾದಲ್ಲಿ ದೊರೆತಿದೆ. ಪಂಪನ ತಮ್ಮನಾದ ಜಿನವಲ್ಲಭನು ಬರೆಯಿಸಿದ, ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳ ಪದ್ಯಗಳುಳ್ಳ ಶಾಸನವು ತೆಲಂಗಾಣದ ಕುರ್ಕ್ಯಾಲದಲ್ಲಿದೆ. ರಾಜ್ಯದ ಗಡಿಯಲ್ಲಿಯೇ ಮುಗಿದುಹೋಗುವ ಸಿದ್ಧ ನಕ್ಷೆಗಳು ಇಂತಹ ಅಧ್ಯಯನಕ್ಕೆ ಸಾಲವು. ಬೇಕಾದ ನಕ್ಷೆಯನ್ನು ನಾವೇ ರಚಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ಬೆಲೆಯಿಲ್ಲದೆ ದೊರೆಯುವ ತಂತ್ರಾಂಶಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಇಲ್ಲಿನ ವಿಚಾರ.

ಸಂಶೋಧನೆಯಲ್ಲಿ ನಕ್ಷೆಯು ಅಲಂಕಾರವಲ್ಲ, ಒಂದು ಪ್ರತಿಪಾದನೆ. ಅದರ ಪ್ರತಿಯೊಂದು ಚುಕ್ಕೆಯನ್ನೂ ಇನ್ನೊಬ್ಬ ವಿದ್ವಾಂಸರು ಪರಿಶೀಲಿಸಿ ತಿದ್ದುವಂತಿರಬೇಕು. ಈ ಮಾನದಂಡದಿಂದ ಮೂರು ತಂತ್ರಾಂಶಗಳನ್ನು ನೋಡಬಹುದು. ಗೂಗಲ್ ಮೈ ಮ್ಯಾಪ್ಸ್ ಕಲಿಯಲು ಸುಲಭ. ಆದರೆ ಅದು ಉಚಿತವೇ ಹೊರತು ಮುಕ್ತವಲ್ಲ. ನಕ್ಷೆಯು ಸಂಸ್ಥೆಯ ಗಣಕಗಳಲ್ಲಿರುತ್ತದೆ, ಹಿನ್ನೆಲೆಯೂ ಅದು ಕೊಟ್ಟದ್ದೇ. ಇಂಕ್‌ಸ್ಕೇಪ್ ಮುಕ್ತ ತಂತ್ರಾಂಶ, ರೇಖೆಗಳೂ ಅಂದ. ಆದರೆ ಅದು ಚಿತ್ರ ಬರೆಯುವ ಸಾಧನ. ಚುಕ್ಕೆಯನ್ನು ಕೈಯಳತೆಯಿಂದ ಇಟ್ಟರೆ ಅದರ ಆಧಾರ ಉಳಿಯುವುದಿಲ್ಲ. 2002ರಲ್ಲಿ ಗ್ಯಾರಿ ಶರ್ಮನ್ ಆರಂಭಿಸಿದ ಕ್ಯೂಜಿಐಎಸ್ ಮುಕ್ತವೂ ಹೌದು, ಉಚಿತವೂ ಹೌದು. ಕಲಿಕೆಗೆ ಹೆಚ್ಚು ಶ್ರಮ ಬೇಡುವುದಾದರೂ, ಶಾಸನಗಳ ಕೋಷ್ಟಕವನ್ನು ಚಿತ್ರದಿಂದ ಬೇರೆಯಾಗಿಯೇ ಉಳಿಸುತ್ತದೆ. ಹಳೆಯ ಮುದ್ರಿತ ನಕ್ಷೆಯನ್ನು ಅಕ್ಷಾಂಶ ರೇಖಾಂಶಗಳಿಗೆ ಹೊಂದಿಸಿ ಹಿನ್ನೆಲೆಯಾಗಿ ಬಳಸಲೂ ಬರುತ್ತದೆ. ಆದುದರಿಂದ ಪ್ರಕಟಣೆಯ ನಕ್ಷೆಗೆ ಇದನ್ನೇ ಸೂಚಿಸುತ್ತೇವೆ.

ತಂತ್ರಾಂಶವನ್ನು ತೆರೆಯುವ ಮೊದಲು ಕೋಷ್ಟಕವನ್ನು ಸಿದ್ಧಪಡಿಸಬೇಕು. ಇಲ್ಲಿ ನಾಲ್ಕು ಎಚ್ಚರಿಕೆಗಳು ಅಗತ್ಯ. ಒಂದು, 15 ಅಂಶ 30 ಕಲೆಯೆಂದರೆ ದಶಮಾಂಶದಲ್ಲಿ 15.5, 15.30 ಅಲ್ಲ. ಎರಡು, ಕ್ಯೂಜಿಐಎಸ್‌ನಲ್ಲಿ ಎಕ್ಸ್ ಎಂಬುದು ರೇಖಾಂಶ, ವೈ ಎಂಬುದು ಅಕ್ಷಾಂಶ. ಅದಲುಬದಲಾದರೆ ಹಂಪೆಯ ಶಾಸನವು ಉತ್ತರ ಧ್ರುವವಲಯದ ಕಡಲಿಗೆ ಸರಿಯುತ್ತದೆ. ಮೂರು, ಊರ ಹೆಸರುಗಳು ಯೂನಿಕೋಡ್‌ನಲ್ಲಿರಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಪಟ್ಟಿಗಳನ್ನು ಮೊದಲು ಪರಿವರ್ತಿಸಿಕೊಳ್ಳಬೇಕು. ನಾಲ್ಕು, ದೇಶದ ಹೊರಗಡಿಯನ್ನು ಮುದ್ರಿಸುವುದಾದರೆ ಅದು ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗೆ ಅನುಗುಣವಾಗಿರಬೇಕು. ನದಿ, ಕರಾವಳಿಗಳ ರೇಖೆಗಳನ್ನು ಮಾತ್ರ ನ್ಯಾಚುರಲ್ ಅರ್ತ್ ಸಂಗ್ರಹದಿಂದ ನಿರ್ಬಂಧವಿಲ್ಲದೆ ಪಡೆಯಬಹುದು.

ಯಾವ ತಂತ್ರಾಂಶವೂ ನಮಗಾಗಿ ನಿರ್ಣಯಿಸಲಾಗದ ಸಂಗತಿಯೊಂದಿದೆ. ಶಾಸನವು ದೊರೆತ ಸ್ಥಳ, ಕಲ್ಲು ಈಗಿರುವ ಸ್ಥಳ, ಪಾಠದಲ್ಲಿ ಉಕ್ತವಾದ ಊರು ಇವು ಮೂರೂ ಬೇರೆಯಾಗಿರಬಹುದು. ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ ಕಲ್ಲನ್ನು ಅಲ್ಲಿಯೇ ಗುರುತಿಸಿದರೆ, ಒಂದು ನಾಡಿನ ಚರಿತ್ರೆಯೇ ನಗರಕ್ಕೆ ವರ್ಗವಾದಂತಾಗುತ್ತದೆ. ಮೂರಕ್ಕೂ ಪ್ರತ್ಯೇಕ ಅಂಕಣಗಳನ್ನಿಟ್ಟು, ಗುರುತಿಸುವಿಕೆಯು ನಿಶ್ಚಿತವೋ ಸಂಭಾವ್ಯವೋ ಎಂಬುದನ್ನೂ ದಾಖಲಿಸುವುದು ಯುಕ್ತ. ಸಂಭಾವ್ಯವಾದುದನ್ನು ಟೊಳ್ಳು ಚುಕ್ಕೆಯಿಂದ ತೋರಿಸಿದರೆ ಓದುಗರು ನಮ್ಮ ಅನುಮಾನವನ್ನೂ ತಿಳಿಯಬಲ್ಲರು. ನಕ್ಷೆಯೊಡನೆ ಕೋಷ್ಟಕವನ್ನೂ ಪ್ರಕಟಿಸಿದಾಗ ಮುಂದಿನ ಸಂಶೋಧಕರು ನಮ್ಮ ಕೆಲಸವನ್ನು ಮೊದಲಿನಿಂದ ಮಾಡಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬಹುದು.