ಕೂಡಿ ನಡೆದರೆ ಹೃದಯಕ್ಕೆ ಬಲ

“ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ಪುರುಸೊತ್ತಿಲ್ಲ. ನಮಗೆ ಬೇರೆ ವ್ಯಾಯಾಮ ಯಾಕೆ?” ನಡುವಯಸ್ಸಿನ ತಾಯಂದಿರೊಡನೆ ವ್ಯಾಯಾಮದ ಮಾತೆತ್ತಿದಾಗಲೆಲ್ಲ ನಮಗೆ ಸಿಗುವ ಉತ್ತರವಿದು. ಹಟ್ಟಿಯ ಕೆಲಸ, ಅಡುಗೆ, ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುವುದು, ಮಧ್ಯಾಹ್ನದ ಮೇಲೆ ಅಡಿಕೆ ಸುಲಿಯುವುದು ಇಲ್ಲವೇ ಬೀಡಿ ಕಟ್ಟುವುದು, ಇಷ್ಟೆಲ್ಲ ಮುಗಿಯುವಾಗ ಸೊಂಟ ನೋಯುತ್ತದೆ, ಕಾಲು ಸೋಲುತ್ತದೆ. ಈ ದುಡಿಮೆಯನ್ನು ಹಗುರವಾಗಿ ಕಾಣುವಂತಿಲ್ಲ. ಅದರಿಂದಲೂ ದೇಹಕ್ಕೆ ಪ್ರಯೋಜನವಿದೆ. ಆದರೆ ದಣಿವು ಬೇರೆ, ಹೃದಯಕ್ಕೆ ಬೇಕಾದ ವ್ಯಾಯಾಮ ಬೇರೆ.

ಮನೆಗೆಲಸದಲ್ಲಿ ಐದು ನಿಮಿಷ ಬಗ್ಗುತ್ತೇವೆ, ಹತ್ತು ನಿಮಿಷ ನಿಲ್ಲುತ್ತೇವೆ. ಅಡಿಕೆ ಸುಲಿಯುವಾಗಲೂ ಬೀಡಿ ಕಟ್ಟುವಾಗಲೂ ಕೈ ಮಾತ್ರ ಓಡುತ್ತದೆ, ದೇಹ ಗಂಟೆಗಟ್ಟಲೆ ಕುಳಿತೇ ಇರುತ್ತದೆ. ಹೃದಯಕ್ಕೆ ಬೇಕಾದುದು ಉಸಿರು ಸ್ವಲ್ಪ ಏರುವಂತೆ, ಮೈ ಬೆವರುವಂತೆ ಸ್ವಲ್ಪ ಹೊತ್ತು ಬಿಡದೆ ನಡೆಯುವುದು. ಹಾಗೆ ದಿನವೂ ನಡೆದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ. ಸ್ನಾಯುಗಳು ಸಕ್ಕರೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ.

ಹೆಂಗಸರಿಗೆ ಇದು ನಡುವಯಸ್ಸಿನಲ್ಲಿ ಹೆಚ್ಚು ಅಗತ್ಯ. ಸಾಮಾನ್ಯವಾಗಿ 45ರಿಂದ 50ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗುತ್ತದೆ. ಆಗ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ರಕ್ತದೊತ್ತಡವೂ ಹೆಚ್ಚತೊಡಗುತ್ತದೆ. “ಹೃದಯದ ಕಾಯಿಲೆ ಗಂಡಸರಿಗೆ” ಎಂಬ ನಂಬಿಕೆ ಅಪಾಯಕಾರಿ.

ಅಮೆರಿಕದಲ್ಲಿ 40ರಿಂದ 65 ವರ್ಷದ 72,000ಕ್ಕೂ ಹೆಚ್ಚು ದಾದಿಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬಿರುಸಾಗಿ ನಡೆಯುತ್ತಿದ್ದವರಲ್ಲಿ ಹೃದಯಾಘಾತದಂಥ ತೊಂದರೆ ಶೇಕಡ 30ರಿಂದ 40ರಷ್ಟು ಕಡಿಮೆಯಿತ್ತು. ಇದಕ್ಕೆ ಯಂತ್ರವೂ ಬೇಡ, ಶುಲ್ಕವೂ ಬೇಡ.

ಹಾಗಾದರೆ ಗುಂಪು ಯಾಕೆ? ಒಬ್ಬರೇ ಹೊರಟವರು ನಾಲ್ಕು ದಿನ ನಡೆಯುತ್ತಾರೆ, ಐದನೆಯ ದಿನ ನೆಂಟರು ಬರುತ್ತಾರೆ, ಅಲ್ಲಿಗೆ ಮುಗಿಯಿತು. ಗೇಟಿನ ಬಳಿ ನಿಂತು ನೆರೆಮನೆಯವರು ಕರೆದರೆ ಇಲ್ಲವೆನ್ನಲು ನಾಲಗೆ ಏಳುವುದಿಲ್ಲ. ಒಂಟಿ ಹೆಂಗಸು ಸುಮ್ಮನೆ ನಡೆದರೆ “ಎಲ್ಲಿಗೆ?” ಎಂದು ಕೇಳುವ ಊರು, ಆರು ಮಂದಿ ಒಟ್ಟಿಗೆ ನಡೆದರೆ ದಾರಿ ಬಿಡುತ್ತದೆ. ಗುಂಪು ನಡಿಗೆಯ ಬಗ್ಗೆ ನಡೆದ 42 ಅಧ್ಯಯನಗಳನ್ನು ಇಂಗ್ಲೆಂಡಿನ ಸಂಶೋಧಕರು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದರು. ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ ಸುಮಾರು 4, ಕೆಳಗಿನದು 3ರಷ್ಟು ಇಳಿದಿತ್ತು. ಹೆಚ್ಚಿನವರು ನಡುವೆ ಕೈಬಿಡಲೂ ಇಲ್ಲ.

ನಾವು ಮಾಡಬಹುದಾದುದು ಇಷ್ಟು. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಅಯಲ್‌ಕೂಟಗಳು ನಮ್ಮ ಕಾಸರಗೋಡಿನ ಊರೂರಲ್ಲಿವೆ. ಹಣದ ಲೆಕ್ಕಕ್ಕೆ ಸೇರುವವರು ನಡಿಗೆಗೂ ಸೇರಬಹುದು. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ ನಡೆದರೆ 150 ನಿಮಿಷವಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಕನಿಷ್ಠ ಪ್ರಮಾಣ ಅದೇ. ನಡೆಯುವಾಗ ಮಾತನಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅದೇ ಸರಿಯಾದ ವೇಗ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈಯೊತ್ತಿ ತಳ್ಳುವುದು ಮುಂತಾದ ಬಲದ ವ್ಯಾಯಾಮ ಸೇರಿಸಿರಿ. ಮಳೆಗಾಲದಲ್ಲಿ ಸಭಾಭವನದೊಳಗೆ ನಿಂತಲ್ಲೇ ಹೆಜ್ಜೆ ಹಾಕಬಹುದು.

ಮೊದಲ ವಾರ ಹತ್ತು ನಿಮಿಷ ಸಾಕು. ಆರಂಭಿಸುವ ಮುನ್ನ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಿರಿ. ಈಗಾಗಲೇ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ನಡಿಗೆ ಶುರುವಾಯಿತೆಂದು ಮಾತ್ರೆ ನಿಲ್ಲಿಸಬಾರದು. ಎದೆ ಬಿಗಿತ, ದವಡೆ ಅಥವಾ ಬೆನ್ನು ನೋವು, ಅಕಾರಣ ಏದುಸಿರು, ತಣ್ಣನೆಯ ಬೆವರು, ವಾಕರಿಕೆ ಕಾಣಿಸಿದರೆ ನಡಿಗೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹೆಂಗಸರು ಇದನ್ನು “ಗ್ಯಾಸ್” ಎಂದುಕೊಂಡು ಓಮದ ನೀರು ಕುಡಿದು ಮಲಗುವುದುಂಟು. ಆ ತಡವೇ ಜೀವ ತೆಗೆಯುತ್ತದೆ.

ಮನೆಯ ಗಂಡಸರಿಗೂ ಒಂದು ಮಾತು. ಸಂಜೆಯ ಅರ್ಧ ಗಂಟೆ ಒಲೆಯ ಮೇಲಿನ ಅನ್ನ ನೀವು ನೋಡಿಕೊಳ್ಳಿರಿ. ತಾಯಿ ಗಟ್ಟಿಯಾಗಿದ್ದರೆ ಮನೆ ಗಟ್ಟಿಯಾಗಿರುತ್ತದೆ. ತಾಯಂದಿರೇ, ನಾಳೆ ಸಂಜೆ ನೆರೆಮನೆಯ ಬಾಗಿಲು ತಟ್ಟಿ. ಇಬ್ಬರು ಸೇರಿದರೆ ಗುಂಪು ಆರಂಭವಾದಂತೆಯೇ.